ಮಲ್ಲಿಗೆ ಮೊಗ್ಗು, ರಟ್ಟಿನ ಆನೆ ಮತ್ತು ಪುಟ್ಟಿಯ ರಾಜಕುಮಾರಿ ಬರ್ತ್‌ಡೇ

"ಅಮ್ಮಾ, ಈ ಸಲ ನನ್ನ ಬರ್ತ್‌ಡೇಗೆ ಬರೋರೆಲ್ಲ ರಾಜಕುಮಾರಿ ಆಗಬೇಕು."

ಫೆಬ್ರವರಿ ಕೊನೆಯಲ್ಲಿ ಒಂದು ರಾತ್ರಿ ಹಲ್ಲುಜ್ಜುತ್ತಾ ಪುಟ್ಟಿ ಹೀಗಂದಳು. ಬಾಯಿ ತುಂಬ ನೊರೆ, ಆದರೂ ಮಾತು ಸ್ಪಷ್ಟ. ಏಪ್ರಿಲ್ ಎರಡನೇ ವಾರಕ್ಕೆ ಅವಳಿಗೆ ಆರು ತುಂಬುತ್ತಿತ್ತು. "ಎಲ್ಲರೂ ಅಂದ್ರೆ?" ಅಂತ ಕೇಳಿದೆ. "ಎಲ್ಲರೂ ಅಂದ್ರೆ ಎಲ್ಲರೂ. ಎದುರು ಮನೆ ಅಣ್ಣನೂ" ಅಂದಳು.

ಮರುದಿನವೇ ಫೋನ್ ಹಿಡಿದು ಹುಡುಕಲು ಕೂತೆ. ಎಲ್ಲಿ ನೋಡಿದರೂ ಪಿಂಕ್ ಬಲೂನು, ಫ್ಲೆಕ್ಸ್ ಮೇಲೆ ಅಚ್ಚು ಹಾಕಿಸಿದ ಕೋಟೆ, ಥರ್ಮಕೋಲ್ ಸಿಂಹಾಸನ. ಒಂದು ಕಡೆ ವಿಚಾರಿಸಿದೆ. ಡೆಕೋರೇಷನ್‌ಗೆ ಮಾತ್ರ ಹದಿನೆಂಟು ಸಾವಿರ ಅಂದರು. "ಅಷ್ಟು ಹೊತ್ತು ಮಕ್ಕಳು ಏನು ಮಾಡ್ತಾರೆ?" ಅಂತ ಕೇಳಿದೆ. "ಫೋಟೋ ತೆಗೆಸಿಕೊಳ್ತಾರೆ ಮೇಡಂ" ಅಂದರು.

ಆ ಮಾತು ನನ್ನ ತಲೆಯಲ್ಲೇ ಉಳಿಯಿತು. ಆರು ವರ್ಷದ ಹದಿನಾಲ್ಕು ಮಕ್ಕಳು. ಸಂಜೆ ನಾಲ್ಕರಿಂದ ಆರೂವರೆ. ಎರಡೂವರೆ ಗಂಟೆ ಹೊತ್ತು ಅವರ ಕೈಗೆ, ಕಾಲಿಗೆ, ಬಾಯಿಗೆ ಏನಾದರೂ ಕೆಲಸ ಬೇಕಲ್ವಾ? ಸಿಂಹಾಸನದ ಮೇಲೆ ಎಷ್ಟು ನಿಮಿಷ ಕೂರುತ್ತಾರೆ? ಅವತ್ತೇ ತೀರ್ಮಾನ ಮಾಡಿದೆ. ದುಡ್ಡನ್ನು ಗೋಡೆಗೆ ಹಾಕುವುದು ಬೇಡ, ಆಟಕ್ಕೆ ಹಾಕೋಣ ಅಂತ.

ಮೊದಲ ಪಾಠ ಬಟ್ಟೆಯಿಂದ ಬಂತು. ಆನ್‌ಲೈನ್‌ನಲ್ಲಿ 1,899 ರೂಪಾಯಿಗೆ ನೆಟ್ ಬಟ್ಟೆಯ ಉದ್ದ ಗೌನ್ ತರಿಸಿದ್ದೆ. ಪುಟ್ಟಿ ಕುಣಿಯುತ್ತಾ ಹಾಕಿಕೊಂಡಳು. ಹತ್ತು ನಿಮಿಷ ಆಗಿರಲಿಲ್ಲ, ಕುತ್ತಿಗೆ ಕೆರೆದುಕೊಳ್ಳಲು ಶುರು ಮಾಡಿದಳು. ಬಿಚ್ಚಿ ನೋಡಿದರೆ ಕುತ್ತಿಗೆ ಸುತ್ತ, ಕಂಕುಳಲ್ಲಿ ಕೆಂಪು ಗೆರೆ ಎದ್ದಿತ್ತು. ನನಗೆ ಹೊಟ್ಟೆ ಉರಿದುಹೋಯಿತು. ಅತ್ತೆ ಏನೂ ಮಾತಾಡಲಿಲ್ಲ. ಅವಳ ಕುತ್ತಿಗೆಗೆ ಕೊಬ್ಬರಿ ಎಣ್ಣೆ ಸವರಿದರು. ಆಮೇಲೆ ಬೀರುವಿನ ತಳದಿಂದ ಒಂದು ಹಳೆಯ ಮೈಸೂರು ಸಿಲ್ಕ್ ಸೀರೆ ತೆಗೆದರು. ಗಿಣಿ ಹಸಿರು, ಸಣ್ಣ ಜರಿ ಅಂಚು. ಮಡಿಕೆ ಬಿದ್ದ ಕಡೆ ಎರಡು ಸೀಳು ಬಿಟ್ಟಿತ್ತು, ಉಡುವ ಹಾಗಿರಲಿಲ್ಲ. "ಇದರಲ್ಲಿ ಇವಳಿಗೊಂದು ಲಂಗ ಆಗುತ್ತೆ" ಅಂದರು. ನಮ್ಮ ಟೈಲರ್ ಐದು ದಿನದಲ್ಲಿ ಉದ್ದ ಲಂಗ, ಪಫ್ ತೋಳಿನ ರವಿಕೆ ಹೊಲಿದು ಕೊಟ್ಟರು. ಒಳಗೆ ಮೆತ್ತನೆ ಕಾಟನ್ ಲೈನಿಂಗ್. ಅದನ್ನು ಹಾಕಿಕೊಂಡು ಅವಳು ಮೂರು ಸುತ್ತು ತಿರುಗಿ ನೋಡಿದಳು. ಲಂಗ ಛತ್ರಿಯ ಹಾಗೆ ಬಿಚ್ಚಿಕೊಂಡಿತು. ಗೌನ್ ವಿಷಯ ಅವಳು ಮತ್ತೆ ಎತ್ತಲಿಲ್ಲ.

ಅದೇ ಭಾನುವಾರ ಕುಕ್ಕರಹಳ್ಳಿ ಕೆರೆ ಸುತ್ತಲು ಹೋಗಿದ್ದೆವು. ನಮ್ಮ ಮನೆ ಮೈಸೂರಿನ ಸರಸ್ವತಿಪುರಂನಲ್ಲಿ, ಕೆರೆಗೆ ನಡೆದೇ ಹೋಗಬಹುದು. ಅಲ್ಲಿಂದ ಯೂನಿವರ್ಸಿಟಿ ಕ್ಯಾಂಪಸ್ ಮಾನಸಗಂಗೋತ್ರಿ ಕಡೆ ನಡೆದು ಜಯಲಕ್ಷ್ಮಿ ವಿಲಾಸದ ಮುಂದೆ ನಿಂತೆವು. ಕೆನೆ ಬಣ್ಣದ ಆ ದೊಡ್ಡ ಮಹಲು, ಸಾಲು ಕಂಬ. "ಇದು ಯಾರ ಮನೆ?" ಅಂದಳು ಪುಟ್ಟಿ. "ಒಬ್ಬ ರಾಜಕುಮಾರಿಗೆ ಅಂತ ಕಟ್ಟಿಸಿದ್ದು. ಜಯಲಕ್ಷಮ್ಮಣ್ಣಿ ಅಂತ ಅವರ ಹೆಸರು" ಅಂದೆ. ಅವಳು ನನ್ನ ಮುಖವನ್ನೇ ನೋಡಿದಳು. "ನಿಜವಾದ ರಾಜಕುಮಾರಿನಾ? ಇಲ್ಲೇನಾ? ನಮ್ಮನೆ ಹತ್ರ?"

ನಾನು ಹುಟ್ಟಿ ಬೆಳೆದದ್ದು ಇದೇ ಊರಲ್ಲಿ. ಆದರೆ ಈ ಊರಿನ ತುಂಬ ರಾಜಕುಮಾರಿಯರ ಹೆಸರಿದೆ ಅನ್ನೋದನ್ನು ನಾನು ಅವತ್ತೇ ಸರಿಯಾಗಿ ಲೆಕ್ಕ ಹಾಕಿದ್ದು. ಪುಟ್ಟಿಯ ಸ್ಕೂಲ್ ವ್ಯಾನ್ ದಿನಾ ಆಹಾರ ಸಂಶೋಧನಾ ಸಂಸ್ಥೆ ಸಿ.ಎಫ್.ಟಿ.ಆರ್.ಐ. ಮುಂದೆ ಹೋಗುತ್ತದೆ. ಆ ಕಟ್ಟಡ ಚೆಲುವಾಂಬ ಮ್ಯಾನ್ಷನ್, ರಾಜಕುಮಾರಿ ಚೆಲುವಾಜಮ್ಮಣ್ಣಿಯವರಿಗಾಗಿ ಕಟ್ಟಿಸಿದ್ದು. ಪಿ.ಕೆ.ಟಿ.ಬಿ. ಆಸ್ಪತ್ರೆ ಅಂತೀವಲ್ಲ, ಆ ಪಿ.ಕೆ. ಅಂದರೆ ಪ್ರಿನ್ಸೆಸ್ ಕೃಷ್ಣಾಜಮ್ಮಣ್ಣಿ. ಕ್ಷಯರೋಗದಿಂದ ತೀರಿಕೊಂಡ ರಾಜಕುಮಾರಿಯ ಹೆಸರಲ್ಲೇ ಕ್ಷಯರೋಗದ ಆಸ್ಪತ್ರೆ. ನಮ್ಮ ಮಾವ ಈಗಲೂ ಕೆ.ಆರ್.ಎಸ್. ರಸ್ತೆಯನ್ನು ಪ್ರಿನ್ಸೆಸ್ ರೋಡ್ ಅಂತಲೇ ಕರೆಯುವುದು.

ವಾಪಸ್ ಬರುವಾಗ ಪುಟ್ಟಿ ಕೇಳಿದಳು, "ರಾಜಕುಮಾರಿಯರು ಇಡೀ ದಿನ ಏನು ಮಾಡ್ತಾರಮ್ಮ?"

ನನ್ನ ಪ್ಲಾನ್ ಹುಟ್ಟಿದ್ದು ಈ ಪ್ರಶ್ನೆಯಿಂದ. ಮೆರವಣಿಗೆ ಹೋಗುತ್ತಾರೆ, ಪಲ್ಲಕ್ಕಿಯಲ್ಲಿ ಕೂರುತ್ತಾರೆ, ಹೂ ಮುಡಿಯುತ್ತಾರೆ, ಕಥೆ ಕೇಳುತ್ತಾರೆ. ಇದನ್ನೇ ಮಕ್ಕಳು ಮಾಡಲಿ.

ಒಂದು ತೊಡಕಿತ್ತು. ಬರುವ ಹದಿನಾಲ್ಕರಲ್ಲಿ ಐದು ಗಂಡು ಮಕ್ಕಳು. ಒಬ್ಬ ಹುಡುಗನ ಅಮ್ಮ ಫೋನ್ ಮಾಡಿ, "ಪ್ರಿನ್ಸೆಸ್ ಪಾರ್ಟಿ ಅಂತ ಕೇಳಿ ನಮ್ಮವನು ಬರಲ್ಲ ಅಂತಿದಾನೆ ಕಣ್ರೀ" ಅಂದರು. "ಆನೆ ಇರುತ್ತೆ, ಮಾವುತ ಬೇಕು ಅಂತ ಹೇಳಿ" ಅಂದೆ. ಆ ಕ್ಷಣಕ್ಕೆ ಬಾಯಿಗೆ ಬಂದದ್ದು ಅದು. ಫೋನ್ ಇಟ್ಟ ಮೇಲೆ ಆನೆ ಮಾಡಲೇಬೇಕಾಯಿತು.

ಆನೆ ನಮ್ಮವರ ಪಾಲಿಗೆ ಬಂತು. ಪಕ್ಕದ ಮನೆಯವರು ಹೊಸ ವಾಷಿಂಗ್ ಮೆಷಿನ್ ತಂದಿದ್ದರು. ಅದರ ರಟ್ಟಿನ ಡಬ್ಬ ಕೇಳಿ ತಂದರು. ಮೇಲೂ ಕೆಳಗೂ ಕತ್ತರಿಸಿ, ಇಬ್ಬರು ಮಕ್ಕಳು ಒಳಗೆ ನಿಂತು ಹಿಡಿದುಕೊಂಡು ನಡೆಯುವ ಹಾಗೆ ಮಾಡಿದರು. ಮುಂದೆ ಆನೆಯ ಮುಖ, ಮೊರದಗಲದ ಎರಡು ಕಿವಿ, ಹಳೇ ಕಾಲುಚೀಲಕ್ಕೆ ಹತ್ತಿ ತುಂಬಿದ ಸೊಂಡಿಲು. ಬೂದು ಬಣ್ಣ ಹೊಡೆದು, ದಸರಾ ಆನೆಗೆ ಬಿಡಿಸುತ್ತಾರಲ್ಲ, ಹಾಗೆ ಹಣೆ ಮತ್ತು ಕಿವಿಯ ಮೇಲೆ ಹೂಬಳ್ಳಿ ಬಿಡಿಸಿದರು. ಎರಡು ರಾತ್ರಿ ಹನ್ನೆರಡರವರೆಗೆ ಕೂತು ಮಾಡಿದರು.

ಅಂಬಾರಿಗೆ ಒಂದು ಬಿಸ್ಕತ್ ಟಿನ್. ಚಿನ್ನದ ಬಣ್ಣದ ಹಾಳೆ ಸುತ್ತಿ, ನಾಲ್ಕು ಪೆನ್ಸಿಲ್ ನಿಲ್ಲಿಸಿ, ಮೇಲೆ ಗೋಪುರದ ಹಾಗೆ ಒಂದು ಐಸ್‌ಕ್ರೀಮ್ ಕಪ್ ಬೋರಲು ಹಾಕಿದೆವು. ದಸರಾ ಅಂಬಾರಿ 750 ಕೆ.ಜಿ. ಅಂತ ಮಾವ ಹೇಳಿದ್ದನ್ನು ಪುಟ್ಟಿ ಕೇಳಿಸಿಕೊಂಡಿದ್ದಳು. "ನಮ್ಮದು ಎಷ್ಟು?" ಅಂದಳು. ಅಡಿಗೆಮನೆಯ ತಕ್ಕಡಿ ಮೇಲೆ ಇಟ್ಟೆ. 340 ಗ್ರಾಂ. ಅದನ್ನು ಒಂದು ಚೀಟಿಯಲ್ಲಿ ಬರೆದು ಅಂಬಾರಿಗೇ ಅಂಟಿಸಿದಳು.

ಇನ್ನು ಮೆರವಣಿಗೆಗೆ ಬೇಕಾದ ಸಾಮಾನು. ಮಾವನ ಹಳೇ ಬಿಳಿ ಪಂಚೆ ಸೀಳಿ, ಮರದ ಸೌಟಿನ ಹಿಡಿಗೆ ಕಟ್ಟಿದರೆ ಚಾಮರ ಆಯಿತು. ಎರಡು ಕೊಡೆಗಳ ಅಂಚಿಗೆ ಜರಿ ಲೇಸು ಹೊಲಿದು ಸತ್ತಿಗೆ ಮಾಡಿದೆವು. ನಗಾರಿಗೆ ಖಾಲಿ ಪೇಂಟ್ ಡಬ್ಬ. ಪಲ್ಲಕ್ಕಿ ಮಾತ್ರ ಮಾವ ತಾವೇ ಮಾಡುತ್ತೇನೆ ಅಂದರು. ಶೂ ಡಬ್ಬಿಯ ಎರಡೂ ಬದಿಗೆ ತೂತು ಮಾಡಿ ಬಿದಿರಿನ ಕೋಲು ತೂರಿಸಿದರು. ಕೋಲಿನ ತುದಿ ಯಾರ ಕಣ್ಣಿಗೂ ತಾಗಬಾರದು ಅಂತ ಬಟ್ಟೆ ಸುತ್ತಿ ದಾರ ಬಿಗಿದರು. ಇಂಥವು ಎರಡು, ಓಟದ ಆಟಕ್ಕೆ.

ಒಳಗೆ ಕೂರಲು ರಾಣಿ ಬೇಕಲ್ಲ? ಪುಟ್ಟಿಗೆ ಪಟ್ಟದ ಗೊಂಬೆಯ ಮೇಲೆ ಕಣ್ಣು. ಅತ್ತೆಗೆ ಅವರ ಮದುವೆಯಲ್ಲಿ ತವರಿನವರು ಕೊಟ್ಟ ರಾಜ ರಾಣಿ, ರಕ್ತಚಂದನದ ಮರದ್ದು. ದಸರಾ ಒಂಬತ್ತು ದಿನ ಬಿಟ್ಟರೆ ಪೆಟ್ಟಿಗೆಯಿಂದ ಹೊರಗೆ ಬರುವುದಿಲ್ಲ. "ಅವರು ಮಲಗಿದಾರೆ ಪುಟ್ಟಿ, ನವರಾತ್ರಿಗೆ ಏಳ್ತಾರೆ" ಅಂದರು ಅತ್ತೆ. ಪುಟ್ಟಿ ಅದನ್ನು ಒಪ್ಪಿಕೊಂಡಳು. ಬೆಂಗಳೂರಿಂದ ಬರುವಾಗ ಚನ್ನಪಟ್ಟಣದಲ್ಲಿ ನಿಲ್ಲಿಸಿ ಎರಡು ಮರದ ರಾಣಿ ಗೊಂಬೆ ತಂದೆ. ಜೊತೆಗೆ ಬಂದ ಮಕ್ಕಳಿಗೆ ಕೊಡಲು ಹದಿನಾಲ್ಕು ಬುಗುರಿ. ಆಲೆ ಮರದ್ದು, ಅರಗಿನ ಬಣ್ಣ. ಹಳದಿ, ಕೆಂಪು, ಹಸಿರು ಪಟ್ಟಿ. ರಿಟರ್ನ್ ಗಿಫ್ಟ್ ಚಿಂತೆ ಅಲ್ಲಿಗೇ ಮುಗಿಯಿತು.

ಕಿರೀಟದ ಲೆಕ್ಕ ಒಂದು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾರಿಗಾದರೂ ಬೇಕಾಗಬಹುದು. ಸಂತೆಪೇಟೆಯಿಂದ ಚಿನ್ನದ ಬಣ್ಣದ ಚಾರ್ಟ್ ಮೂರು ತಂದೆ. ಒಂದು ಚಾರ್ಟ್ 28 ಇಂಚು ಉದ್ದ, 22 ಇಂಚು ಅಗಲ. ಉದ್ದಕ್ಕೆ 7 ಇಂಚಿನ ಮೂರು ಪಟ್ಟಿ ಮಾಡಿ. ಪ್ರತಿ ಪಟ್ಟಿಯನ್ನೂ ನಡುವೆ ಅಂಕುಡೊಂಕಾಗಿ, ಬೆಟ್ಟದ ಸಾಲಿನ ಹಾಗೆ ಕತ್ತರಿಸಿದರೆ ಎರಡು ಕಿರೀಟ. ಅಂಚಿನ ಒಂದು ಇಂಚು ಬಿಟ್ಟರೆ ಚೂರೂ ವೇಸ್ಟ್ ಇಲ್ಲ. ಒಂದು ಚಾರ್ಟಿಗೆ ಆರು, ಮೂರಕ್ಕೆ ಹದಿನೆಂಟು. ಈ ವಯಸ್ಸಿನ ಮಕ್ಕಳ ತಲೆ ಸುತ್ತಳತೆ ಸುಮಾರು 20 ಇಂಚು, ಹಾಗಾಗಿ 28 ಧಾರಾಳ ಆಗುತ್ತದೆ. ಹಿಂದೆ ಸ್ಟೇಪ್ಲರ್ ಹೊಡೆಯಬೇಡಿ, ಕೂದಲು ಸಿಕ್ಕಿಕೊಂಡು ಮಕ್ಕಳು ಅಳುತ್ತವೆ. ವೆಲ್ಕ್ರೋ ತುಂಡು ಅಂಟಿಸಿದರೆ ಯಾರ ತಲೆಗಾದರೂ ಸರಿಹೊಂದುತ್ತದೆ. ಫೆವಿಕಾಲ್ ಒಣಗಲು ಕಾಯುವ ತಾಳ್ಮೆಯೂ ಈ ವಯಸ್ಸಿಗಿಲ್ಲ. ಹಿಂದೆ ಅಂಟು ಇರುವ ಸ್ಟಿಕ್ಕರ್ ಕಲ್ಲು, ಕುಂದನ್ ಸಿಗುತ್ತದೆ, ಅದನ್ನೇ ತನ್ನಿ. ಪ್ರತಿ ಮಗುವಿಗೂ ಒಂದು ಪುಟ್ಟ ಬಟ್ಟಲಲ್ಲಿ ಎಣಿಸಿ ಇಟ್ಟರೆ ಜಗಳ ಇಲ್ಲ.

ಇಷ್ಟೆಲ್ಲ ತಯಾರಿಯಲ್ಲಿ ನನ್ನ ಮನಸ್ಸಿಗೆ ತುಂಬ ಹತ್ತಿರವಾದದ್ದು ಮೊಗ್ಗಿನ ಜಡೆ.

ನನ್ನದೊಂದು ಫೋಟೋ ಇದೆ, 1994ರದ್ದು. ನನಗೂ ಆಗ ಆರು. ಸ್ಟುಡಿಯೋದಲ್ಲಿ ಓರೆಯಾಗಿ ನಿಂತಿದ್ದೇನೆ, ಹಿಂದೆ ನಿಲುವುಗನ್ನಡಿ, ಅದರಲ್ಲಿ ಬೆನ್ನ ಮೇಲಿನ ಇಡೀ ಜಡೆ ಕಾಣುತ್ತದೆ. ಆ ಕಾಲದಲ್ಲಿ ನಮ್ಮ ಕಡೆ ಹೆಣ್ಣು ಮಕ್ಕಳಿರುವ ಬಹಳಷ್ಟು ಮನೆಗಳಲ್ಲಿ ಇಂಥ ಒಂದು ಫೋಟೋ ಇರುತ್ತಿತ್ತು. ಬೇಸಿಗೆ ರಜದಲ್ಲಿ, ಮಲ್ಲಿಗೆ ಅಗ್ಗವಾಗುವ ಹೊತ್ತಿಗೆ. ಪುಟ್ಟಿ ಆ ಫೋಟೋ ನೋಡಿ, "ಇದರಲ್ಲಿ ನೀನು ರಾಜಕುಮಾರಿನಾ?" ಅಂತ ಕೇಳಿದ್ದಳು. ಹೌದು ಅಂದಿದ್ದೆ. ಅವತ್ತು ನನಗೆ ಹಾಗೇ ಅನಿಸಿತ್ತು.

ಬರ್ತ್‌ಡೇ ದಿನ ಬೆಳಗ್ಗೆ ಆರಕ್ಕೆಲ್ಲ ದೇವರಾಜ ಮಾರ್ಕೆಟ್‌ಗೆ ಹೋದೆ. ಹೂವಿನ ಸಾಲಿನಲ್ಲಿ ಕಾಲು ಕೆ.ಜಿ. ಬಿಡಿ ಮೊಗ್ಗು, ಸ್ವಲ್ಪ ಕನಕಾಂಬರ, ಒಂದು ಹಿಡಿ ಮರುಗ ತಂದೆ. ಮೊಗ್ಗನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂಪಲ್ಲಿಡಬೇಕು, ಇಲ್ಲದಿದ್ದರೆ ಸಂಜೆಗೆ ಮುಂಚೆಯೇ ಅರಳಿಬಿಡುತ್ತದೆ.

ತಿಂಡಿ ಮುಗಿಸಿ ಅತ್ತೆ ನಡುಮನೆಯಲ್ಲಿ ಚಾಪೆ ಹಾಕಿಕೊಂಡು ಕೂತರು. ಹಳೇ ಮದುವೆ ಕಾರ್ಡನ್ನು ಎರಡು ಬೆರಳಗಲ, ಜಡೆಯಷ್ಟು ಉದ್ದ ಕತ್ತರಿಸಿ ಇಟ್ಟುಕೊಂಡಿದ್ದರು. ಅವರ ತಾಯಿ ಬಾಳೆ ಪಟ್ಟೆಯ ಮೇಲೆ ಹೊಲಿಯುತ್ತಿದ್ದರಂತೆ. ಎರಡೆರಡು ಮೊಗ್ಗು ತಗೊಂಡು, ತೊಟ್ಟು ಒಳಗೆ, ತಲೆ ಹೊರಗೆ ಇಟ್ಟು, ತೊಟ್ಟಿನ ಮೇಲೆ ಸೂಜಿ ಹಾಯಿಸುತ್ತಾರೆ. ಎಡಕ್ಕೊಂದು ಜೊತೆ, ಬಲಕ್ಕೊಂದು ಜೊತೆ. ಮೊಗ್ಗಿನ ಗಾತ್ರ ನೋಡದೆ ಕೈಯಲ್ಲೇ ಗೊತ್ತಾಗುತ್ತದೆ ಅವರಿಗೆ. ದಪ್ಪದ್ದು ಮೇಲೆ, ಜಡೆ ಇಳಿಯುತ್ತಾ ಹೋದ ಹಾಗೆ ಸಣ್ಣದ್ದು. ನಡುವಿನ ದಾರ ಕಾಣದ ಹಾಗೆ ಕನಕಾಂಬರದ ಒಂದು ಸಾಲು, ಅಲ್ಲಲ್ಲಿ ಮರುಗದ ಹಸಿರು. ಮೊಗ್ಗಿನ ಬೆನ್ನಿಗೆ ಸ್ವಲ್ಪ ನಸುಗೆಂಪು ಇರುತ್ತದೆ, ನೋಡಿದೀರಾ? ಅದು ಮೇಲೆ ಬರುವ ಹಾಗೆ ತಿರುಗಿಸಿ ಹೊಲಿದರು. "ಮುಡಿದ ಮೇಲೆ ಬರೀ ಬಿಳಿ ಕಂಡರೆ ಸಪ್ಪೆ" ಅಂದರು. ಎರಡು ಗಂಟೆ ಕೆಲಸ ಅದು. ಪುಟ್ಟಿ ಪಕ್ಕದಲ್ಲಿ ಕೂತು ಮೊಗ್ಗು ಎತ್ತಿ ಕೊಡುತ್ತಿದ್ದಳು. ಅಷ್ಟು ಹೊತ್ತು ಅವಳು ಒಂದೇ ಕಡೆ ಕೂತದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ನಾಲ್ಕಕ್ಕೆ ಮಕ್ಕಳು ಬಂದರು. ಗೇಟಲ್ಲೇ ಒಂದು ಪಾತ್ರೆ ಇಟ್ಟಿದ್ದೆ, ಒಳಗೆ ಚಿತ್ರ ಬಿಡಿಸಿದ ಚೀಟಿ. ಚಾಮರ ಬಂದರೆ ಚಾಮರದವರು, ಕೊಡೆ ಬಂದರೆ ಸತ್ತಿಗೆಯವರು. ಬರಲ್ಲ ಅಂದಿದ್ದ ಹುಡುಗ ಚೀಟಿ ಎತ್ತುವುದಕ್ಕೂ ಮೊದಲೇ ಹೋಗಿ ಆನೆಯ ಪಕ್ಕ ನಿಂತಿದ್ದ. ಸರಿ, ಅವನೇ ಮಾವುತ. ಮೊದಲು ವರಾಂಡದಲ್ಲಿ ಎಲ್ಲರೂ ಕೂತು ಕಿರೀಟ ಮಾಡಿದರು. ಇಪ್ಪತ್ತು ನಿಮಿಷ, ಯಾರೂ ಮಾತೇ ಇಲ್ಲ. ಆಮೇಲೆ ಮೆರವಣಿಗೆ ಹೊರಟಿತು. ನಮ್ಮ ಬೀದಿಯ ಈ ತುದಿಯಿಂದ ಆ ತುದಿ, ಅಲ್ಲಿಂದ ವಾಪಸ್. ಪೇಂಟ್ ಡಬ್ಬದ ನಗಾರಿ ಸದ್ದಿಗೆ ಎಲ್ಲರ ಮನೆ ಬಾಗಿಲೂ ತೆರೆಯಿತು. ಮೂಲೆ ಮನೆಯ ಅಜ್ಜಿ ಒಬ್ಬರು ಒಳಗೆ ಹೋಗಿ ತಟ್ಟೆಯಲ್ಲಿ ಆರತಿ ತಂದು, ಆನೆಗೆ ಬೆಳಗಿ, ಸೊಂಡಿಲಿಗೆ ಕುಂಕುಮ ಇಟ್ಟರು. ಆನೆ ಹೊತ್ತ ಇಬ್ಬರೂ ಅಲುಗಾಡದೆ ನಿಂತರು. ನನಗೆ ಗಂಟಲು ಕಟ್ಟಿ ಬಂತು.

ಪಲ್ಲಕ್ಕಿ ಓಟ ನಮ್ಮ ಗೇಟಿಂದ ಹಿತ್ತಲವರೆಗೆ. ಇಬ್ಬಿಬ್ಬರು ಒಂದು ಜೋಡಿ. ರಾಣಿ ಬಿದ್ದರೆ ಮತ್ತೆ ಮೊದಲಿಂದ. ಓಡಿದವರು ಸೋಲುತ್ತಾರೆ, ಹೆಜ್ಜೆ ಹೊಂದಿಸಿಕೊಂಡವರು ಗೆಲ್ಲುತ್ತಾರೆ. ಇದು ಅವರಿಗೆ ತಾನಾಗಿಯೇ ಮೂರನೇ ಸುತ್ತಿಗೆ ಗೊತ್ತಾಯಿತು. "ಎಡ, ಬಲ, ಎಡ, ಬಲ" ಅಂತ ಕೂಗಿಕೊಂಡು ನಡೆಯಲು ಶುರು ಮಾಡಿದರು. ಈ ಆಟ ಇನ್ನೊಂದು ಅರ್ಧ ಗಂಟೆ ಇದ್ದಿದ್ದರೂ ಅವರಿಗೆ ಸಾಕು ಅನಿಸುತ್ತಿರಲಿಲ್ಲ.

ಅದಾದ ಮೇಲೆ ಕಳೆದುಹೋದ ಗೆಜ್ಜೆ ಹುಡುಕುವ ಆಟ. ಸುಳಿವುಗಳೆಲ್ಲ ಒಗಟು, ಮಾವ ಗಟ್ಟಿಯಾಗಿ ಹೇಳುವುದು, ಯಾಕೆಂದರೆ ಎಲ್ಲರಿಗೂ ಇನ್ನೂ ಓದಲು ಬರುವುದಿಲ್ಲ. "ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ" ಅಂದರು. ಒಂದು ಕ್ಷಣ ಎಲ್ಲರೂ ಫ್ರಿಜ್ ಕಡೆ ಓಡಿದರು. ಆಮೇಲೆ ಒಬ್ಬಳು "ಮಲ್ಲಿಗೆ! ಮಲ್ಲಿಗೆ ಗಿಡ!" ಅಂತ ಕಿರುಚಿ ಹಿತ್ತಲಿಗೆ ಓಡಿದಳು. ಅಲ್ಲಿಂದ ಬಟ್ಟೆ ಒಗೆಯುವ ಕಲ್ಲು. ಅಲ್ಲಿಂದ ತುಳಸಿ ಕಟ್ಟೆಗೆ ಹೋಗಬೇಕು, ಅಷ್ಟರಲ್ಲಿ ಗುಡುಗಿತು.

ಏಪ್ರಿಲ್ ಸಂಜೆಯ ಮಳೆ ಹೇಗೆ ಬರುತ್ತದೆ ಅಂತ ಮೈಸೂರಿನವರಿಗೆ ಗೊತ್ತು. ಮೊದಲು ಮಣ್ಣಿನ ವಾಸನೆ, ಎಣಿಸಿದ ಹಾಗೆ ನಾಲ್ಕು ದಪ್ಪ ಹನಿ, ಆಮೇಲೆ ಒಂದೇ ಸಮ. ನಾನು ಎಲ್ಲರನ್ನೂ ಒಳಗೆ ಕರೆದೆ. ಪುಟ್ಟಿ ವರಾಂಡದ ಮೆಟ್ಟಿಲ ಮೇಲೆ ನಿಂತು ಅಳಲು ಶುರು ಮಾಡಿದಳು. "ಗೆಜ್ಜೆ ಅಲ್ಲೇ ಇದೆ, ನೆನೆಯುತ್ತೆ!" ಆಗ ಸತ್ತಿಗೆ ಹಿಡಿದಿದ್ದ ಇಬ್ಬರು ಮಕ್ಕಳು ಯಾರೂ ಹೇಳದೆ ಕೊಡೆ ಬಿಚ್ಚಿದರು. ಒಂದರ ಕೆಳಗೆ ಪುಟ್ಟಿ, ಇನ್ನೊಂದರ ಕೆಳಗೆ ಮಾವುತ. ನಾಲ್ಕೂ ಜನ ತುಳಸಿ ಕಟ್ಟೆಗೆ ಹೋಗಿ ಗೆಜ್ಜೆ ತಂದರು. ಜರಿ ಲೇಸಿನಿಂದ ನೀರು ಸುರಿಯುತ್ತಿತ್ತು.

ಟವೆಲ್‌ನಲ್ಲಿ ತಲೆ ಒರೆಸುವಷ್ಟರಲ್ಲಿ ಕರೆಂಟ್ ಹೋಯಿತು. ನಾನು ನಿಜಕ್ಕೂ ಗಾಬರಿಯಾದೆ. ಅತ್ತೆ ದೇವರ ಮನೆಯಿಂದ ಎರಡು ದೀಪ ತಂದು ಎತ್ತರದ ಮಣೆ ಮೇಲಿಟ್ಟು, "ಬನ್ನಿ, ಸುತ್ತ ಕೂತ್ಕೊಳ್ಳಿ, ಕಥೆ ಹೇಳ್ತೀನಿ" ಅಂದರು.

ಜಯಲಕ್ಷಮ್ಮಣ್ಣಿಯ ಕಥೆ ಅದು. "ಆಗ ನಮ್ಮ ಊರಿಗೆ ಕರೆಂಟೇ ಬಂದಿರಲಿಲ್ಲ" ಅಂತ ಶುರು ಮಾಡಿದರು. "ರಾಜಕುಮಾರಿ ಮನೆಗೂ ಇರಲಿಲ್ವಾ?" ಅಂತ ಒಂದು ದನಿ. "ಅರಮನೆಗೂ ಇರಲಿಲ್ಲ, ಎಲ್ಲ ದೀಪವೇ. ಅರಮನೆಯೂ ಆಗ ಮರದ್ದು. 1897ರಲ್ಲಿ ರಾಜಕುಮಾರಿ ಮದುವೆ ನಡೀತಾ ಇತ್ತು. ಆ ಸಮಯದಲ್ಲೇ ಬೆಂಕಿ ಬಿತ್ತು, ಮರದ ಅರಮನೆ ಸುಟ್ಟುಹೋಯ್ತು." ಯಾರೂ ಉಸಿರೆತ್ತಲಿಲ್ಲ. "ಅವಳಿಗೆ ಅಳು ಬಂತಾ ಅಜ್ಜಿ?" ಅಂದಳು ಪುಟ್ಟಿ. "ಬಂದೇ ಇರುತ್ತೆ ಅಲ್ವಾ ಕಂದ. ತನ್ನ ಮದುವೆ, ತನ್ನ ಮನೆ." ಆಮೇಲೆ ಆ ರಾಜಕುಮಾರಿಯ ಅಮ್ಮನ ಬಗ್ಗೆ ಹೇಳಿದರು. ವಾಣಿವಿಲಾಸ ಸನ್ನಿಧಾನ. ಮಹಾರಾಜರು ತೀರಿಕೊಂಡಾಗ ಮಗನಿಗೆ ಹತ್ತು ವರ್ಷ. ಅವನು ದೊಡ್ಡವನಾಗಲಿ ಅಂತ 1902ರವರೆಗೆ ಅಮ್ಮನೇ ರಾಜ್ಯ ನೋಡಿಕೊಂಡರು. ಅರಮನೆ ಮತ್ತೆ ಕಟ್ಟಲು ಶುರುವಾದದ್ದೂ ಅವರ ಕಾಲದಲ್ಲೇ. ಕಲ್ಲಿನ ಹೊಸ ಅರಮನೆ ಮುಗಿದದ್ದು 1912ಕ್ಕೆ. "ನೀವು ಭಾನುವಾರ ಲೈಟ್ ನೋಡೋಕೆ ಹೋಗ್ತೀರಲ್ಲ, ಅದೇ ಅರಮನೆ."

ಆ ಬೆಳಕಲ್ಲೇ ಮೊಗ್ಗು ಪೋಣಿಸಿದರು. ಮೊಂಡು ತುದಿಯ ಪ್ಲಾಸ್ಟಿಕ್ ಸೂಜಿ, ಪ್ರತಿಯೊಬ್ಬರಿಗೂ ಇಪ್ಪತ್ತೈದು ಮೊಗ್ಗು. ಮಾಡಿದ್ದು ಕೈಗೆ ಕಟ್ಟಿಕೊಳ್ಳುವ ಬಳೆ. ಗಂಡು ಮಕ್ಕಳು ಐವರೂ ತಮ್ಮದನ್ನೆಲ್ಲ ಒಂದಕ್ಕೊಂದು ಗಂಟು ಹಾಕಿ ಆನೆಗೆ ಹಾರ ಮಾಡಿದರು.

ಕರೆಂಟ್ ಬರಲಿಲ್ಲ. ರಾಜ ರಾಣಿ ಕಳ್ಳ ಪೊಲೀಸ್ ಆಡಿಸಿದೆ. ಇದು ನಾನು ಮಳೆ ಬಂದರೆ ಇರಲಿ ಅಂತ ಇಟ್ಟುಕೊಂಡಿದ್ದ ಆಟ. ನಾಲ್ಕು ಚೀಟಿ ಸಾಕು, ಐದು ಜನರಿದ್ದರೆ ಮಂತ್ರಿ ಸೇರಿಸಿಕೊಳ್ಳಿ. ನಾವು ಚಿಕ್ಕವರಿದ್ದಾಗ ರಾಜನಿಗೆ ಸಾವಿರ, ರಾಣಿಗೆ ಒಂಬೈನೂರು ಅಂತ ಬರೆಯುತ್ತಿದ್ದೆವು. ಆರು ವರ್ಷದವರಿಗೆ ಸಾವಿರ ಕೂಡಿಸಲು ಕಷ್ಟ. ಅದಕ್ಕೆ ಹುಣಸೆ ಬೀಜ ಇಟ್ಟೆ. ರಾಜನಿಗೆ ಐದು ಬೀಜ, ರಾಣಿಗೆ ನಾಲ್ಕು. ರಾಣಿ ಚೀಟಿ ಬಂದ ಒಂದು ಪುಟ್ಟ ಹುಡುಗಿ ಬೀಜ ಎಣಿಸಿ ನನ್ನನ್ನು ನೋಡಿದಳು. "ಆಂಟಿ, ಅಜ್ಜಿ ಹೇಳಿದ ರಾಣಿ ರಾಜ್ಯ ನೋಡ್ಕೊಂಡ್ರು ಅಲ್ವಾ? ಮತ್ತೆ ನಂಗ್ಯಾಕೆ ನಾಲ್ಕು?" ನಾನು ಇನ್ನೊಂದು ಬೀಜ ಕೊಟ್ಟೆ. ಅಲ್ಲಿಂದ ಮುಂದೆ ಎಲ್ಲ ಗುಂಪಲ್ಲೂ ರಾಣಿಗೆ ಐದೇ.

ಊಟದ ವಿಷಯ ಹೆಚ್ಚೇನಿಲ್ಲ. ಬೇಕರಿ ಕೇಕು, ಖಾರ ಕಡಿಮೆ ಹಾಕಿದ ಚುರುಮುರಿ, ಶಾವಿಗೆ ಬಾತ್, ಜಾಮೂನು. ಎಲ್ಲ ಸೇರಿ, ಬುಗುರಿ, ಹೂವು, ಚಾರ್ಟ್ ಎಲ್ಲ ಲೆಕ್ಕ ಹಾಕಿದರೆ ಐದು ಸಾವಿರ ದಾಟಲಿಲ್ಲ.

ಒಂದು ಮಾತು ಮಾತ್ರ ಮಾಡುವವರಿಗೆ ಹೇಳಬೇಕು. ಒಂದೊಂದು ಆಟಕ್ಕೂ ಒಬ್ಬೊಬ್ಬ ದೊಡ್ಡವರು ಬೇಕೇ ಬೇಕು. ನಮ್ಮಲ್ಲಿ ಒಗಟಿಗೆ ಮಾವ, ಹೂವಿಗೆ ಮತ್ತು ಕಥೆಗೆ ಅತ್ತೆ, ಆನೆಗೆ ನಮ್ಮವರು ಇದ್ದರು. ಒಬ್ಬಳೇ ಆಗಿದ್ದರೆ ನಾನು ಎರಡೇ ಆಟ ಇಟ್ಟುಕೊಳ್ಳುತ್ತಿದ್ದೆ, ಕಿರೀಟ ಮತ್ತು ಪಲ್ಲಕ್ಕಿ.

ಮಕ್ಕಳೆಲ್ಲ ಹೋದ ಮೇಲೆ ಪುಟ್ಟಿಯ ಫೋಟೋ ತೆಗೆದೆವು. ಬೀರುವಿನ ಕನ್ನಡಿ ಮುಂದೆ ಓರೆಯಾಗಿ ನಿಲ್ಲಿಸಿದೆ. ಅಷ್ಟು ಹೊತ್ತಿಗೆ ಜಡೆಯ ಮೊಗ್ಗೆಲ್ಲ ಅರ್ಧ ಬಿರಿದಿತ್ತು, ಮನೆಯೆಲ್ಲ ಘಮ. ಲಂಗದ ಅಂಚಲ್ಲಿ ಕೆಸರು. ಕಿರೀಟ ಒಂದು ಕಡೆ ವಾಲಿತ್ತು. ಸರಿ ಮಾಡಲು ಹೋದರೆ ಬೇಡ ಅಂದಳು. ಆ ಫೋಟೋ ಪ್ರಿಂಟ್ ಹಾಕಿಸಿ ನನ್ನ 1994ರ ಫೋಟೋ ಪಕ್ಕ ಇಟ್ಟಿದ್ದೇನೆ.

ಆನೆಯ ರಟ್ಟು ಮಳೆಯ ತೇವಕ್ಕೆ ಮೆತ್ತಗಾಗಿ ಒಂದು ವಾರದಲ್ಲಿ ಕುಸಿಯಿತು. ಮುಖ ಮತ್ತು ಕಿವಿ ಮಾತ್ರ ಕತ್ತರಿಸಿ ಅವಳ ಮಂಚದ ಮೇಲಿನ ಗೋಡೆಗೆ ಹಾಕಿದ್ದೇವೆ. ಸೊಂಡಿಲ ಮೇಲಿನ ಕುಂಕುಮ ಇನ್ನೂ ಇದೆ. ಪಲ್ಲಕ್ಕಿ ಎರಡರಲ್ಲಿ ಒಂದು ಈಗ ನಮ್ಮನೆಯಲ್ಲಿಲ್ಲ. ಎದುರು ಮನೆ ಹುಡುಗನ ಬರ್ತ್‌ಡೇ ಜೂನ್‌ನಲ್ಲಿ. ಮೊನ್ನೆ ಬಂದು, "ಆಂಟಿ, ನನ್ನ ಬರ್ತ್‌ಡೇಗೂ ಪಲ್ಲಕ್ಕಿ ಓಟ ಇಡ್ತೀನಿ, ಕೊಡ್ತೀರಾ?" ಅಂತ ಕೇಳಿ ತಗೊಂಡು ಹೋದ. ಕೋಲಿನ ಒಂದು ಕಡೆ ಬಟ್ಟೆ ಸಡಿಲವಾಗಿತ್ತು. ಮಾವ ಅವನನ್ನು ಕೂರಿಸಿಕೊಂಡು, ದಾರ ಹೇಗೆ ಬಿಗಿಯಬೇಕು ಅಂತ ತೋರಿಸಿ ಕಳಿಸಿದರು.